ಪೆಂಗ್ವಿನ್ನೂ ಸಮುದ್ರಸ್ನಾನವೂ ಒಂದೇ ಟಿಕೆಟ್‌ನಲ್ಲಿ

ಪ್ರಶ್ನೆ: ಡಿಸೆಂಬರ್ ಕೊನೆಯಲ್ಲಿ ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗನ ಜೊತೆ ನಾವಿಬ್ಬರೂ ಡರ್ಬನ್‌ನಿಂದ ಕ್ರೂಸ್ ಹೊರಟಿದ್ದೇವೆ. ಕೇಪ್‌ಟೌನ್‌ನಲ್ಲಿ ಹಡಗು ನಿಲ್ಲುವುದು ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಮಾತ್ರ. ಮೊಮ್ಮಗನಿಗೆ ಪೆಂಗ್ವಿನ್ ನೋಡಲೇಬೇಕು. ನನಗೆ ಸ್ವಲ್ಪ ಹೊತ್ತು ಸಮುದ್ರದ ನೀರಿನಲ್ಲಿ ನಿಲ್ಲುವ ಆಸೆ. ಅಳಿಯಂದಿರು ಟೇಬಲ್ ಮೌಂಟನ್, ಕೇಪ್ ಪಾಯಿಂಟ್ ಎರಡನ್ನೂ ಪಟ್ಟಿಗೆ ಸೇರಿಸಿದ್ದಾರೆ. ಹಡಗಿನವರ ಟೂರ್‌ನಲ್ಲಿ ಪೆಂಗ್ವಿನ್‌ಗೆ ಮುಕ್ಕಾಲು ಗಂಟೆ, ಬೀಚ್ ಇಲ್ಲವೇ ಇಲ್ಲ. ನಾವೇ ಹೋಗಿಬರಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಧಾರಾಳವಾಗಿ ಹೋಗಿಬನ್ನಿ. ಆದರೆ ಅಳಿಯಂದಿರ ಪಟ್ಟಿಯಿಂದ ಬೆಟ್ಟವನ್ನೂ ಕೇಪ್ ಪಾಯಿಂಟನ್ನೂ ತೆಗೆಸಿ. ನನ್ನ ಮಗಳು ಕೇಪ್‌ಟೌನ್‌ನಲ್ಲಿದ್ದ ವರ್ಷಗಳಲ್ಲಿ ಮನೆಗೆ ಬಂದ ನೆಂಟರನ್ನೆಲ್ಲ ಸುತ್ತಾಡಿಸಿದವಳು ನಾನು. ಮೂರೂ ಕಡೆ ಓಡಿದವರು ಕೊನೆಗೆ ನೆನಪಿಟ್ಟುಕೊಂಡದ್ದು ಕಾರಿನ ಕಿಟಕಿಯನ್ನು ಮಾತ್ರ.

ನಿಮ್ಮಿಬ್ಬರ ಆಸೆಯೂ ಒಂದೇ ಜಾಗದಲ್ಲಿ ತೀರುತ್ತದೆ. ಸೈಮನ್ಸ್ ಟೌನ್‌ನ ಬೋಲ್ಡರ್ಸ್ ಬೀಚ್‌ನಲ್ಲಿ. ಬಂದರಿನಿಂದ 40 ಕಿಲೋಮೀಟರ್‌ಗೆ ತುಸು ಹೆಚ್ಚು, ಕಾರಿನಲ್ಲಿ ಒಂದು ಗಂಟೆ, ರಜೆಯ ಕಾಲವಾದ್ದರಿಂದ ಇನ್ನೂ ಕಾಲು ಗಂಟೆ ಸೇರಿಸಿಕೊಳ್ಳಿ. ರೈಲೂ ಇದೆ, ಮ್ಯೂಜನ್‌ಬರ್ಗ್‌ನಿಂದ ಮುಂದೆ ಅಲೆಗಳ ಪಕ್ಕದಲ್ಲೇ ಸಾಗುತ್ತದೆ, ಬಹಳ ಚಂದ. ಆದರೆ ಹಡಗು ಹಿಡಿಯಬೇಕಾದ ದಿನ ಅದನ್ನು ನಂಬಿಕೊಳ್ಳಬೇಡಿ. ಹೋಗಿಬರಲು ಒಂದೇ ಕಾರನ್ನು ಇಡೀ ದಿನಕ್ಕೆ ಮಾತಾಡಿಕೊಳ್ಳಿ.

ಅಲ್ಲಿ ಎರಡು ಭಾಗಗಳಿವೆ. ಫಾಕ್ಸಿ ಬೀಚ್‌ನಲ್ಲಿ ಮರದ ಹಲಗೆಯ ದಾರಿಯ ಮೇಲೆ ನಿಂತು ನೋಡಬೇಕು, ಮರಳಿಗೆ ಇಳಿಯುವ ಹಾಗಿಲ್ಲ. ಸ್ವಲ್ಪ ನಡೆದರೆ ಬೋಲ್ಡರ್ಸ್, ಅಲ್ಲಿ ಈಜಬಹುದು. ಎರಡಕ್ಕೂ ಒಂದೇ ಟಿಕೆಟ್, ಅದನ್ನು ಜೋಪಾನವಾಗಿಡಿ. ಮೊದಲು ಫಾಕ್ಸಿಗೆ ಹೋಗಿ. ಮಗು ಒಮ್ಮೆ ನೀರಿಗಿಳಿದರೆ ಆಮೇಲೆ ಹೊರಗೆ ಬರುವುದಿಲ್ಲ.

ಮೊಮ್ಮಗನಿಗೆ ಒಂದು ವಿಷಯ ಮೊದಲೇ ಹೇಳಿಡಿ. ನೀವು ಹೋಗುವ ಹೊತ್ತಿಗೆ ಕೆಲವು ಪೆಂಗ್ವಿನ್‌ಗಳು ಹರಿದ ದಿಂಬಿನಂತೆ ಕಾಣುತ್ತವೆ. ಕಾಯಿಲೆಯಲ್ಲ, ಗರಿ ಉದುರುವ ಕಾಲ. ಬೇರೆ ಹಕ್ಕಿಗಳಿಗೆ ಗರಿ ಒಂದೊಂದಾಗಿ ಬದಲಾದರೆ ಇವಕ್ಕೆ ಎಲ್ಲವೂ ಒಟ್ಟಿಗೇ. ಹೊಸ ಗರಿ ಬರುವ ಮೂರು ವಾರ ಮೈಗೆ ನೀರು ತಡೆಯುವ ಶಕ್ತಿ ಇರುವುದಿಲ್ಲ, ಹಾಗಾಗಿ ಸಮುದ್ರಕ್ಕೆ ಇಳಿಯುವಂತಿಲ್ಲ, ಮೀನೂ ಇಲ್ಲ. ಮೊದಲೇ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಉಪವಾಸ ಕೂತಿರುತ್ತವೆ. ಅಂಥದ್ದನ್ನು ಫೋಟೊಕ್ಕಾಗಿ ಎಬ್ಬಿಸಿ ಓಡಿಸುವವರನ್ನು ಕಂಡಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 1980ರ ದಶಕದ ಆರಂಭದಲ್ಲಿ ಇಲ್ಲಿ ನೆಲೆಸಿದ್ದು ಎರಡೇ ಜೋಡಿ. ಅಲ್ಲಿಂದ ಇಷ್ಟು ದೊಡ್ಡ ಸಂಸಾರವಾಯಿತು. ಆದರೆ ಒಟ್ಟಾರೆ ಆಫ್ರಿಕನ್ ಪೆಂಗ್ವಿನ್‌ನ ಸ್ಥಿತಿ ಕೆಟ್ಟಿದೆ. ತಿನ್ನುವ ಬೂತಾಯಿ, ಆಂಚೋವಿ ಮೀನು ಕಡಿಮೆಯಾಗಿ, ಮರಿ ಮಾಡುವ ಜೋಡಿಗಳು ಈಗ 10,000ಕ್ಕೂ ಕಡಿಮೆ ಉಳಿದಿವೆ. 2024ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಮುಟ್ಟುವುದು, ತಿನ್ನಿಸುವುದು ಎರಡೂ ಬೇಡ. ಕೊಕ್ಕು ಬ್ಲೇಡಿನಷ್ಟು ಹರಿತ.

ಇನ್ನು ನಿಮ್ಮ ಸ್ನಾನ. ಗೋಕರ್ಣದ ನೀರು ಮನಸ್ಸಿನಲ್ಲಿದ್ದರೆ ಮರೆತುಬಿಡಿ, ಇದು ಬಾವಿಯ ನೀರಿಗಿಂತ ತಣ್ಣಗೆ. ಆದರೂ ಫಾಲ್ಸ್ ಬೇ ಕಡೆಯ ಈ ನೀರು ಊರಿನ ಆಚೆ ಬದಿಯ ಕ್ಯಾಂಪ್ಸ್ ಬೇ ನೀರಿಗಿಂತ ಎಷ್ಟೋ ವಾಸಿ. ಸುತ್ತಲಿನ ದುಂಡು ಬಂಡೆಗಳು ಅಲೆಯನ್ನೂ ಗಾಳಿಯನ್ನೂ ತಡೆಯುತ್ತವೆ, ನಿಮ್ಮ ವಯಸ್ಸಿನವರು ನಿಶ್ಚಿಂತೆಯಾಗಿ ಸೊಂಟದವರೆಗೆ ನಿಲ್ಲಬಹುದು. ನನ್ನ ಅಕ್ಕ ಹಾಗೆ ನಿಂತಿದ್ದಾಗ ಮಂಡಿಯ ಪಕ್ಕದಲ್ಲೇ ಒಂದು ಪೆಂಗ್ವಿನ್ ಬಾಣದ ಹಾಗೆ ಹೋಯಿತು. ಇವತ್ತಿಗೂ ಫೋನಿನಲ್ಲಿ ಅದೇ ಮಾತು ತೆಗೆಯುತ್ತಾಳೆ.

ಒಂದು ಮುಖ್ಯ ವಿಷಯ, ಸೈಮನ್ಸ್ ಟೌನ್‌ನ ಉಬ್ಬರ-ಇಳಿತದ ವೇಳೆ ನೋಡಿಕೊಂಡೇ ಹೋಗಿ. ಬೀಚ್ ತೀರ ಚಿಕ್ಕದು. ಒಮ್ಮೆ ನಾವು ನೋಡದೆ ಹೋಗಿ, ತುಂಬು ಉಬ್ಬರದಲ್ಲಿ ಚಾಪೆಯಷ್ಟು ಮರಳಿಗೆ ನೂರು ಜನ ನಿಂತಿದ್ದರು. ಇಳಿತವಿದ್ದರೆ ಬಂಡೆಗಳ ನಡುವೆ ನುಸುಳಿ ಪಕ್ಕದ ಪುಟ್ಟ ಮರಳಿಗೂ ಹೋಗಬಹುದು, ಮೊಮ್ಮಗನಿಗೆ ಅದೇ ಹಬ್ಬ. ಉಬ್ಬರದ ಹೊತ್ತಾದರೆ ಬೇಸರ ಬೇಡ, ಕಾಲ್ನಡಿಗೆಯಷ್ಟು ಹತ್ತಿರ ಸೀಫೋರ್ತ್ ಬೀಚ್ ಇದೆ, ಟಿಕೆಟ್ಟೂ ಬೇಡ.

ಹಡಗಿನಿಂದ 9ಕ್ಕೆ ಹೊರಬಿದ್ದರೆ 10.15ಕ್ಕೆ ಫಾಕ್ಸಿ, 11.15ರಿಂದ 1ರವರೆಗೆ ನೀರು, ಆಮೇಲೆ ಊಟ, 2ಕ್ಕೆ ವಾಪಸು. ಬೀಚ್‌ಗೆ ಚಪಾತಿ-ಚಟ್ನಿ ಒಯ್ಯಬೇಡಿ, ಆ ಭಾಗದಲ್ಲಿ ಬಬೂನ್‌ಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಬಂದರಿಗೆ 3.30ಕ್ಕೆ ಮುಟ್ಟಿದರೆ ಬೇಗವಾಯಿತು ಅನ್ನಿಸಬಹುದು, ಆದರೆ ಹಡಗು ಹತ್ತಬೇಕಾದ ಕೊನೆಯ ಹೊತ್ತು 6ಕ್ಕಿಂತ ಮೊದಲೇ ಇರುತ್ತದೆ, ಆ ಸಂಜೆಯ ಟ್ರಾಫಿಕ್ ಕೆಟ್ಟದ್ದು. ಬೇಸಿಗೆಯಲ್ಲಿ ಅಲ್ಲಿ ಬೀಸುವ ಆಗ್ನೇಯದ ಗಾಳಿಗೆ ಹಡಗು ಬಂದರು ಸೇರುವುದೇ ತಡವಾಗುವುದುಂಟು. ಹಾಗಾದರೆ ಊಟದ ಹೊತ್ತನ್ನು ಕಡಿಮೆ ಮಾಡಿ, ನೀರಿನ ಹೊತ್ತನ್ನಲ್ಲ.

ವಾಪಸು ಹೊರಡುವಾಗ ಕಾರಿನ ಅಡಿ ನೆರಳಿಗೆ ಪೆಂಗ್ವಿನ್ ಬಂದು ಕೂತಿರಬಹುದು, ನೋಡಿ ಎಂದು ಅಲ್ಲಿ ಫಲಕವೇ ಹಾಕಿದ್ದಾರೆ. ಬಗ್ಗಿ ನೋಡುವ ಆ ಕೆಲಸವನ್ನು ಮೊಮ್ಮಗನಿಗೇ ವಹಿಸಿ.