ಕಾನೂನು ಕೇಳಿ: ದಾವೆ ವಜಾ ಆದರೆ ಜಮೀನು ಹೋದಂತೆಯೇ?

ಪ್ರಶ್ನೆ: ನಾವು ವಿಜಯಪುರದ ಕಡೆಯವರು, ಪುಣೆಯ ಹಡಪಸರದಲ್ಲಿ ನೆಲೆಸಿದ್ದೇವೆ. ಪುಣೆ ಜಿಲ್ಲೆಯಲ್ಲಿ ಅಪ್ಪ ಕೊಂಡಿದ್ದ ಜಮೀನಿನ ಸಾತ್‌ಬಾರಾದಿಂದ (ಮಹಾರಾಷ್ಟ್ರದ ಪಹಣಿ) ಕಳೆದ ವರ್ಷ ಅವರ ಹೆಸರನ್ನು ತೆಗೆದುಹಾಕಿದ್ದಾರೆ. ತಲಾಠಿ (ಗ್ರಾಮ ಲೆಕ್ಕಿಗ) ಮತ್ತು ಅವರ ಮೇಲಿನ ಮಂಡಲಾಧಿಕಾರಿಯ ಮೇಲೆ ದಾವೆ ಹೂಡಿದೆವು. ನೋಟಿಸ್ ಕೊಟ್ಟಿಲ್ಲವೆಂದು ವಾದಪತ್ರವನ್ನೇ (ದಾವೆಯ ಮೂಲ ಅರ್ಜಿ) ತಿರಸ್ಕರಿಸಿದರು. ‘ಕೋರ್ಟೇ ನಮ್ಮ ಪರವಾಗಿದೆ’ ಎಂದು ಕಚೇರಿಯಲ್ಲಿ ಹೇಳುತ್ತಿದ್ದಾರೆ. ಇನ್ನು ದಾರಿ ಇದೆಯೇ?
—ಓದುಗಳು, ಪುಣೆ

ಉತ್ತರ: ಇದೆ ತಂಗಿ. ಮೊದಲು ಕಚೇರಿಯವರ ಮಾತನ್ನು ತಲೆಯಿಂದ ತೆಗೆದುಹಾಕಿ. ಜಮೀನು ಯಾರದೆಂದು ನ್ಯಾಯಾಲಯ ಇನ್ನೂ ನೋಡಿಯೇ ಇಲ್ಲ. ನೋಡದೇ ಇದ್ದದ್ದನ್ನು ತೀರ್ಪು ಎಂದು ಹೇಳಿ ಹೆದರಿಸುವುದು ಅನ್ಯಾಯ. ಪುಣೆಯ ಶಿವಾಜಿನಗರದ ನ್ಯಾಯಾಲಯದಲ್ಲಿ ಇಂಥ ಮಾತಿಗೆ ಅಂಜಿ ಹಕ್ಕನ್ನೇ ಕೈಬಿಟ್ಟ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಸರ್ಕಾರದ ಮೇಲೆ, ಅಥವಾ ಅಧಿಕಾರಿಯು ಹುದ್ದೆಯಲ್ಲಿದ್ದು ಮಾಡಿದ ಕೆಲಸದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟಿಸ್ ಕೊಡಬೇಕು. ಈ ಅವಧಿ ಮುಗಿಯುವ ಮೊದಲೇ ಹೂಡಿದ ದಾವೆ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 1984ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಹೇಳಿದೆ. ನಿಜವಾದ ತುರ್ತು ಇದ್ದರೆ, ಉದಾಹರಣೆಗೆ ನಾಳೆಯೇ ಮನೆ ಕೆಡವುತ್ತಾರೆಂದರೆ, ನೋಟಿಸ್ ಇಲ್ಲದೆಯೂ ನ್ಯಾಯಾಲಯದ ಅನುಮತಿ ಬೇಡಬಹುದು. ನಿಮ್ಮ ವಕೀಲರು ಆ ಅರ್ಜಿ ಹಾಕಿದಂತೆ ಕಾಣುವುದಿಲ್ಲ.

ವಾದಪತ್ರ ತಿರಸ್ಕಾರವಾಗಿದ್ದು ಅದೇ ಸಂಹಿತೆಯ 7ನೆಯ ‘ಆದೇಶ’ ಎಂಬ ಭಾಗದ 11ನೆಯ ನಿಯಮದಡಿ. ಅದೇ ಆದೇಶದ 13ನೆಯ ನಿಯಮ ಹೊಸ ವಾದಪತ್ರ ಸಲ್ಲಿಸಲು ಅಡ್ಡಿಯಿಲ್ಲ ಎನ್ನುತ್ತದೆ. ಮೇಲ್ಮನವಿಗೂ ಅವಕಾಶವಿದೆ, ಆದರೆ ನೋಟಿಸ್ ಕೊಟ್ಟಿಲ್ಲವೆಂಬುದು ನಿಜವಾಗಿರುವಾಗ ಅದಕ್ಕೆ ಹಣ ಸುರಿಯಬೇಡಿ, ಹೊಸದಾಗಿ ಹೂಡಿ. ಹಕ್ಕು ಘೋಷಣೆಯ ದಾವೆಗೆ ಮೂರು ವರ್ಷದ ಕಾಲಮಿತಿ. ನೋಟಿಸಿನ ಅವಧಿ ಅದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಈ ಸಲ ಮಹಾರಾಷ್ಟ್ರ ಸರ್ಕಾರವನ್ನೂ ಪ್ರತಿವಾದಿಯಾಗಿ ಸೇರಿಸಲೇಬೇಕು. ಅಧಿಕಾರಿಗಳ ಹೆಸರಷ್ಟೇ ಸಾಲದು. ಸರ್ಕಾರಕ್ಕೆ ಕೊಡುವ ನೋಟಿಸನ್ನು ಜಿಲ್ಲಾಧಿಕಾರಿಗೆ ತಲುಪಿಸಿದರೆ ಸಾಕು. ತಲಾಠಿ, ಮಂಡಲಾಧಿಕಾರಿಗಳಿಗೆ ಬೇರೆ ಬೇರೆ ಪ್ರತಿ ಕೊಡಿ. ನಿಮ್ಮ ಹೆಸರು, ವಿಳಾಸ, ನಡೆದ ಸಂಗತಿ, ಕೇಳುವ ಪರಿಹಾರ ಎಲ್ಲವೂ ಅದರಲ್ಲಿರಲಿ. ನೋಟಿಸ್ ಕೊಟ್ಟ ಸಂಗತಿಯನ್ನು ವಾದಪತ್ರದಲ್ಲಿಯೂ ಬರೆಯಬೇಕು.

ನನಗೆ ಹೆಚ್ಚು ಆತಂಕವಾಗಿರುವುದು ನೀವು ಕೇಳದ ಇನ್ನೊಂದು ವಿಷಯದ ಬಗ್ಗೆ. 1876ರ ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯಿದೆಯ 11ನೆಯ ಕಲಮಿನಂತೆ, ಕಂದಾಯ ಅಧಿಕಾರಿಯ ಕೃತ್ಯಕ್ಕಾಗಿ ಸರ್ಕಾರದ ಮೇಲೆ ದಾವೆ ಹೂಡುವವರು ಕಾನೂನು ಕೊಟ್ಟಿರುವ ಮೇಲ್ಮನವಿಗಳನ್ನೆಲ್ಲ ಮೊದಲು ಮುಗಿಸಿರಬೇಕು. ಇದನ್ನು ಬಿಟ್ಟರೆ ಎರಡನೆಯ ದಾವೆಯೂ ಮುಗ್ಗರಿಸಬಹುದು. ಮಂಡಲಾಧಿಕಾರಿ ಮಂಜೂರು ಮಾಡಿದ ಫೇರ್‌ಫಾರ್ (ಹೆಸರು ಬದಲಾವಣೆಯ ನಮೂದು) ವಿರುದ್ಧ ಪ್ರಾಂತ ಅಧಿಕಾರಿಗೆ (ಉಪವಿಭಾಗಾಧಿಕಾರಿ) ಮೇಲ್ಮನವಿ ಸಲ್ಲಿಸಬೇಕು. ಅದರ 60 ದಿನಗಳ ಗಡುವು ನಿಮಗೆ ಮೀರಿದೆ. ಸೂಕ್ತ ಕಾರಣ ತೋರಿಸಿದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಅವರಿಗಿದೆ. ಹೆಸರು ತೆಗೆಯುವ ಮುನ್ನ ಅಪ್ಪನಿಗೆ ತಿಳುವಳಿಕೆ ಪತ್ರ ಬಂದಿರಲಿಲ್ಲವಾದರೆ ಅದನ್ನೇ ಮೊದಲ ಕಾರಣವಾಗಿ ಬರೆಯಿರಿ. ಸಾತ್‌ಬಾರಾದ ನಮೂದಿನಿಂದಲೇ ಒಡೆತನ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಅಪ್ಪನ ನೋಂದಾಯಿತ ಖರೀದಿ ಪತ್ರವೇ ನಿಮ್ಮ ಬಲ.

ಈ ವಾರವೇ ತಿರಸ್ಕಾರದ ಆದೇಶ, ಫೇರ್‌ಫಾರ್ ಎರಡರ ದೃಢೀಕೃತ ಪ್ರತಿಗಳಿಗೆ ಅರ್ಜಿ ಕೊಡಿ. ಮೇಲ್ಮನವಿ ಮತ್ತು ನೋಟಿಸನ್ನು ಮರಾಠಿಯಲ್ಲಿ ಬರೆಸಿ, ಸಲ್ಲಿಸಿದ ಪ್ರತಿಯ ಮೇಲೆ ಆವಕ (ಸ್ವೀಕೃತಿ) ಮೊಹರು ಹಾಕಿಸಿಕೊಂಡೇ ಹೊರಗೆ ಬನ್ನಿ.