ದುಡ್ಡಿನ ಆಟದಲ್ಲಿ ಗೆಲ್ಲುವವರು ಪೂಲ್ ಟೂರ್ನಮೆಂಟಿನಲ್ಲಿ ಯಾಕೆ ಬೇಗ ಸೋಲುತ್ತಾರೆ?

ನಿಮ್ಮ ಪ್ರಶ್ನೆ ಓದಿದೆ. ಮಣಿಪಾಲದಲ್ಲಿ ಓದುತ್ತಾ ಪೂಲ್ (ಟೇಬಲ್ ಮೇಲೆ ಕ್ಯೂ ಕೋಲಿನಿಂದ ಬಿಳಿ ಬಾಲು ಹೊಡೆದು ಉಳಿದ ಬಾಲುಗಳನ್ನು ಪಾಕೆಟಿಗೆ ಹಾಕುವ ಆಟ) ಕಲಿತಿದ್ದೀರಿ. ಪಾರ್ಲರಿನಲ್ಲಿ ಸಣ್ಣ ಬಾಜಿಗೆ ಆಡಿದರೆ ಹೆಚ್ಚಾಗಿ ಗೆಲುವು ನಿಮ್ಮದೇ. ಮಂಗಳೂರಿಗೆ ಟೂರ್ನಮೆಂಟಿಗೆ ಬಂದರೆ ಮಾತ್ರ ಮೊದಲ ಸುತ್ತಲ್ಲೋ ಎರಡನೇ ಸುತ್ತಲ್ಲೋ ಹೊರಗೆ. ಆಟ ಬಿಟ್ಟುಬಿಡಬೇಕಾ ಅಂತ ಕೇಳಿದ್ದೀರಿ. ಬಿಡಬೇಡಿ ಮಾರಾಯ್ರೆ. ನಾನೂ ಈ ಎರಡು ಊರುಗಳ ನಡುವೆ ಓಡಾಡಿಕೊಂಡು ವರ್ಷಗಟ್ಟಲೆ ಎರಡೂ ಬಗೆಯ ಆಟ ಆಡಿದವನು. ನಿಮಗೆ ಆಗುತ್ತಿರುವುದು ತೀರಾ ಸಹಜ.

ಮೊದಲು ಲೆಕ್ಕ ನೋಡಿ. ಎದುರಾಳಿಗಿಂತ ನೀವು ಚೆನ್ನಾಗಿಯೇ ಆಡುತ್ತೀರಿ, 10 ಫ್ರೇಮಿನಲ್ಲಿ (ಒಂದು ಫ್ರೇಮ್ ಅಂದರೆ ಒಂದು ಆಟ) 6 ನಿಮ್ಮದೇ ಅಂತ ಇಟ್ಟುಕೊಳ್ಳೋಣ. ಮೊದಲು 3 ಫ್ರೇಮ್ ಗೆದ್ದವರು ಮುಂದಕ್ಕೆ ಅನ್ನುವ ಪಂದ್ಯದಲ್ಲಿ ನೀವು ಗೆಲ್ಲುವ ಸಾಧ್ಯತೆ ಸುಮಾರು ಶೇ. 68. ಅಂದರೆ ಮೂರು ಟೂರ್ನಮೆಂಟಿಗೆ ಹೋದರೆ ಹೆಚ್ಚುಕಡಿಮೆ ಒಂದರಲ್ಲಿ ಮೊದಲ ಪಂದ್ಯವೇ ಕೊನೆಯದು. 32 ಜನರ ನಾಕೌಟಿನಲ್ಲಿ ಕಪ್ ಬೇಕಾದರೆ 5 ಪಂದ್ಯ ಒಂದೂ ಬಿಡದೆ ಗೆಲ್ಲಬೇಕು. ಎಲ್ಲರಿಗಿಂತಲೂ ಅಷ್ಟೇ ಮೇಲಿದ್ದರೂ ಅದು ಏಳು ಟೂರ್ನಮೆಂಟಿಗೆ ಒಂದು ಸಲ ಆದೀತು. ಪಂದ್ಯವನ್ನು ಒಟ್ಟು 9 ಫ್ರೇಮಿಗೆ, ಅಂದರೆ ಮೊದಲು 5 ಗೆದ್ದವರು ಮುಂದಕ್ಕೆ ಅಂತ, ಉದ್ದ ಮಾಡಿದರೂ ಆ 68 ಏರುವುದು ಸುಮಾರು 73ಕ್ಕೆ ಮಾತ್ರ.

ದುಡ್ಡಿನ ಆಟದಲ್ಲಿ ಈ ಅವಸರ ಇಲ್ಲ. ಎರಡು ಫ್ರೇಮ್ ಹೋದರೆ ಇನ್ನೊಂದು ಆಡೋಣ ಅನ್ನಬಹುದು. 1996ರಲ್ಲಿ ಹಾಂಗ್‌ಕಾಂಗಿನಲ್ಲಿ ಫಿಲಿಪೀನ್ಸಿನ ಎಫ್ರೆನ್ ರೇಯೆಸ್ ಮತ್ತು ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಒಂದು ಲಕ್ಷ ಡಾಲರಿಗೆ ನೈನ್-ಬಾಲ್ (9ನೇ ಬಾಲು ಹಾಕಿದವರಿಗೆ ಫ್ರೇಮ್) ಆಡಿದರು. ಮೊದಲು 120 ಫ್ರೇಮ್ ಗೆದ್ದವರಿಗೆ ಅಷ್ಟೂ ದುಡ್ಡು. ಮೂರು ದಿನದ ಆಟ. ರೇಯೆಸ್ ನಡುವೆ ತುಂಬಾ ಹಿಂದೆ ಬಿದ್ದಿದ್ದರು, ಕೊನೆಗೆ 120-117ರಲ್ಲಿ ಗೆದ್ದರು. ಅಂಥವರಿಗೂ ಹಿಂದಿನಿಂದ ಎದ್ದು ಬರಲು ಅಷ್ಟು ಉದ್ದದ ಆಟ ಬೇಕಾಯಿತು. ನಿಮಗೂ ನನಗೂ ಟೂರ್ನಮೆಂಟಿನಲ್ಲಿ ಸಿಗುವುದು ಮುಕ್ಕಾಲು ಗಂಟೆ.

ಇನ್ನೊಂದು ಮಾತಿದೆ. ಸ್ವಲ್ಪ ಕಹಿ ಅನ್ನಿಸಿದರೂ ಕೇಳಿ. ದುಡ್ಡಿನ ಆಟದ ಅರ್ಧ ಗೆಲುವು ಬ್ರೇಕ್, ಅಂದರೆ ಫ್ರೇಮಿನ ಮೊದಲ ಹೊಡೆತ, ಹೊಡೆಯುವ ಮೊದಲೇ ಆಗಿರುತ್ತದೆ. ಯಾರ ಜೊತೆ ಆಡುವುದು ಅಂತ ಆರಿಸುವವರು ನೀವು. ನೈನ್-ಬಾಲಿನಲ್ಲಿ ಅವನಿಗೆ 8 ಬಿಟ್ಟುಕೊಡಬೇಕಾ, ಅಂದರೆ 8 ಹಾಕಿದರೂ ಅವನೇ ಗೆದ್ದ ಹಾಗೆ ಅನ್ನಬೇಕಾ, ಇಲ್ಲ ಒಂದು ಫ್ರೇಮ್ ಮುಂದೆ ಕೊಟ್ಟರೆ ಸಾಕಾ? ಬ್ರೇಕ್ ಗೆದ್ದವನಿಗಾ, ಸರದಿಯ ಮೇಲಾ? ಕೋಳಿ ಅಂಕ ನೋಡಿದವರಿಗೆ ಗೊತ್ತಿರುತ್ತದೆ, ಜೋಡಿ ಹೊಂದಿಸುವುದಕ್ಕೇ ಜಾಸ್ತಿ ಹೊತ್ತು, ಕಾಳಗ ಮುಗಿಯುವುದು ಗಳಿಗೆಯಲ್ಲಿ. ಇಲ್ಲೂ ಹಾಗೇ. ನೀವು ಪಾರ್ಲರಿನಲ್ಲಿ ಗೆಲ್ಲುತ್ತಿದ್ದರೆ ಜೋಡಿ ಆರಿಸುವ ಕಣ್ಣು ನಿಮಗಿದೆ ಅಂತ ಅರ್ಥ. ಅದೂ ಒಂದು ವಿದ್ಯೆಯೇ. ಆದರೆ ಟೂರ್ನಮೆಂಟಿನಲ್ಲಿ ಜೋಡಿ ಆರಿಸುವುದು ಚೀಟಿ.

ಮತ್ತೆ ಕುರ್ಚಿ. ಯಾರೂ ಇದನ್ನು ಹೇಳಿಕೊಡುವುದಿಲ್ಲ. ಪಾರ್ಲರಿನಲ್ಲಿ ಎದುರಾಳಿ ಹೊಡೆಯುವಾಗ ನಾವು ಮಾತಾಡುತ್ತೇವೆ, ಚಹಾ ಕುಡಿಯುತ್ತೇವೆ. ಟೂರ್ನಮೆಂಟಿನಲ್ಲಿ ಸುಮ್ನೆ ಕೂರಬೇಕು. ಮಂಗಳೂರಿನಲ್ಲಿ ಒಂದು ಮಳೆಗಾಲದ ಕ್ವಾರ್ಟರ್ ಫೈನಲ್, 2-2, ಕೊನೆಯ ಫ್ರೇಮ್, ಏಟ್-ಬಾಲ್ (ತಮ್ಮ ಗುಂಪಿನ ಬಾಲುಗಳನ್ನೆಲ್ಲ ಹಾಕಿ ಕೊನೆಗೆ 8 ಹಾಕಿದವರಿಗೆ ಗೆಲುವು). ಎದುರಿನವರು ಒಂದರ ಹಿಂದೆ ಒಂದು ಹಾಕುತ್ತಾ ಹೋದರು. ಎಸಿಗೆ ನನ್ನ ಬೆರಳು ತಣ್ಣಗಾಗಿತ್ತು. ಅವರ ಕೊನೆಯ ಬಾಲು ಕಾರ್ನರ್ ಪಾಕೆಟಿನ ಬಾಯಲ್ಲಿ ತಡವರಿಸಿ ನಿಂತಿತು. ನನ್ನವು ಇನ್ನೂ ಎರಡಿದ್ದವು, ಒಂದು ಕುಶನ್ನಿಗೆ (ಟೇಬಲ್ ಅಂಚಿನ ರಬ್ಬರಿಗೆ) ಅಂಟಿಕೊಂಡಿತ್ತು. ಎದ್ದೆ, ಚಾಕ್ ಹಚ್ಚಿದೆ, ಟೇಬಲ್ಲಿಗೆ ಒಂದು ಸುತ್ತು ಬಂದೆ. ಹಾಕಲು ನೋಡಲಿಲ್ಲ. ಬಿಳಿ ಬಾಲನ್ನು ಆ ಅಂಟಿದ ಬಾಲಿಗೆ ಮೆಲ್ಲಗೆ ಮುಟ್ಟಿಸಿ ಕುಶನ್ನಿಗೆ ತಾಗಿಸಿದೆ, 8ರ ಬೆನ್ನಿಗೆ ಅಡಗಿಸಿ ಬಿಟ್ಟೆ. ಅವರಿಗೆ ತಮ್ಮ ಬಾಲು ಕಾಣಲೇ ಇಲ್ಲ. ಫೌಲ್, ಬಾಲ್ ಇನ್ ಹ್ಯಾಂಡ್ (ಬಿಳಿ ಬಾಲನ್ನು ಬೇಕಾದಲ್ಲಿ ಇಟ್ಟು ಹೊಡೆಯಬಹುದು), ಮೂರು ಹೊಡೆತದಲ್ಲಿ ಮುಗಿಸಿದೆ. ಆವತ್ತಿನ ಖುಷಿ ಯಾವ ಬಾಜಿಯಲ್ಲೂ ಸಿಕ್ಕಿಲ್ಲ. ಸೆಮಿಫೈನಲಿನಲ್ಲಿ ಒಬ್ಬ ಹುಡುಗ ನನ್ನನ್ನು 3-0ಯಲ್ಲಿ ಸೋಲಿಸಿದ. ಹೆಚ್ಚು ಹೊತ್ತು ನಾನು ಕುರ್ಚಿಯಲ್ಲೇ ಇದ್ದೆ. ಅವನು ತಪ್ಪದೇ ಇದ್ದರೆ ನಾನು ಮಾಡುವುದಾದರೂ ಎಂತದು?

ಕುರ್ಚಿಯಲ್ಲಿ ಕೂತಾಗ ಎದುರಾಳಿಯ ಮುಖ ನೋಡಬೇಡಿ, ಟೇಬಲ್ ನೋಡಿ. ಅವರು ಈಗ ತಪ್ಪಿದರೆ ನನ್ನ ಮೊದಲ ಹೊಡೆತ ಯಾವುದು ಅಂತ ಪ್ರತಿ ಸಲ ಲೆಕ್ಕ ಹಾಕುತ್ತಾ ಇರಿ. ಏಳುವಾಗ ತಲೆ ಖಾಲಿ ಇರುವುದಿಲ್ಲ.

ನಮ್ಮ ಊರಿನ ಹವೆಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಟೇಬಲ್ ಬಟ್ಟೆ ತೇವ ಹಿಡಿದು ಭಾರವಾಗುತ್ತದೆ, ಬಾಲು ಬೇಗ ನಿಲ್ಲುತ್ತದೆ. ದೊಡ್ಡ ಸ್ನೂಕರ್ ಟೂರ್ನಮೆಂಟುಗಳಲ್ಲಿ ಬಟ್ಟೆ ಒಣಗಿರಲಿ ಅಂತ ಟೇಬಲನ್ನು ಅಡಿಯಿಂದ ಬಿಸಿ ಮಾಡುತ್ತಾರೆ. ನಮಗೆ ಆ ಭಾಗ್ಯ ಇಲ್ಲ. ನಿಮ್ಮ ಮಣಿಪಾಲದ ಟೇಬಲ್ಲಿನ ಕೈ ಇಲ್ಲಿ ನಡೆಯುವುದಿಲ್ಲ. ಬೆಳಿಗ್ಗೆ ಒಂದು ಬಸ್ ಮುಂಚೆ ಹೊರಡಿ. ಪಂದ್ಯಕ್ಕೆ ಮೊದಲು ಟೇಬಲ್ಲಿನಲ್ಲಿ ಆಡಲು ಬಿಟ್ಟರೆ, ಬಿಳಿ ಬಾಲನ್ನು ಉದ್ದಕ್ಕೆ ಹೊಡೆದು ವಾಪಸು ನಿಮ್ಮ ಕಡೆಯ ಕುಶನ್ನಿನ ಹತ್ತಿರ ನಿಲ್ಲಿಸುವುದನ್ನು ಹತ್ತಾರು ಸಲ ಮಾಡಿ. ಪಾಟ್ (ಬಾಲನ್ನು ಪಾಕೆಟಿಗೆ ಹಾಕುವ) ಪ್ರಾಕ್ಟೀಸಿಗಿಂತ ಇದು ಮುಖ್ಯ.

ಬಾಜಿಯ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ, ನೀವು ವಿದ್ಯಾರ್ಥಿ ಅಲ್ವಾ. ಸೋತವರು ಟೇಬಲ್ ದುಡ್ಡು ಕೊಡುವ ಆಟ ಸಾಕು, ಅದರಲ್ಲೇ ಬೇಕಾದಷ್ಟು ಬಿಸಿ ಇದೆ. ಅದಕ್ಕಿಂತ ಮೇಲೆ ಹೋದರೆ ಸೋತಾಗ ಡಬಲ್ ಮಾಡಲೇಬೇಡಿ. ಮೊದಲೆರಡು ಫ್ರೇಮ್ ಸಲೀಸಾಗಿ ಸೋತು ಆಮೇಲೆ ಮೊತ್ತ ಏರಿಸೋಣ ಅನ್ನುವ ಅಪರಿಚಿತ ಸಿಕ್ಕಿದರೆ ಕ್ಯೂ ಗೋಡೆಗೆ ಒರಗಿಸಿ ಹೊರಡಿ. ನೋಡುತ್ತಾ ನಿಂತವರು ನಿಮ್ಮ ಮೇಲೆ ಕಟ್ಟುವ ದುಡ್ಡಿನಲ್ಲಿ ಪಾಲು ಬೇಡ. ಗೆದ್ದ ಬಾಜಿ ಎದುರಾಳಿ ಕೊಡದಿದ್ದರೆ ಕೋರ್ಟಿಗೂ ಹೋಗುವ ಹಾಗಿಲ್ಲ, 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದಕ್ಕೆ ಬೆಲೆಯೇ ಇಲ್ಲ.

ಇನ್ನು ಮುಂದೆ ಟೂರ್ನಮೆಂಟಿನಲ್ಲಿ ಸೋತ ಪ್ರತಿ ಫ್ರೇಮಿಗೆ ಮೊಬೈಲಿನಲ್ಲಿ ಒಂದು ಸಾಲು ಬರೆದಿಡಿ: ಪಾಟ್ ತಪ್ಪಿತಾ, ಬಿಳಿ ಬಾಲು ಬೇಡದ ಕಡೆ ನಿಂತಿತಾ, ಇಲ್ಲ ಎದುರಾಳಿ ನಿಮಗೆ ಅವಕಾಶವೇ ಕೊಡಲಿಲ್ಲವಾ. ಮೂರನೆಯದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೊದಲೆರಡರಲ್ಲಿ ಯಾವುದು ಜಾಸ್ತಿ ಅಂತ ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಏನು ಪ್ರಾಕ್ಟೀಸ್ ಮಾಡಬೇಕು ಅಂತ ಕೂತು ಮಾತಾಡೋಣ.