ಸಾವಿನ ಹಾಡಿಗೆ ಇಷ್ಟು ಗೌಜಿ ಯಾಕೆ?

ಕಳೆದ ಸಂಚಿಕೆಯಲ್ಲಿ ಒಂದು ಅಮೆರಿಕದ ಹಾಡು ಕೇಳಿ ನೋಡಿ ಅಂತ ಬರೆದಿದ್ದೆ. ‘ವಿಲ್ ದ ಸರ್ಕಲ್ ಬಿ ಅನ್‌ಬ್ರೋಕನ್’, ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡ್ ಎಂಬ ತಂಡದ 1972ರ ರೆಕಾರ್ಡು. ಬ್ಯಾಂಜೊ, ಪಿಟೀಲು, ಗಿಟಾರು, ಆಮೇಲೆ ಎಲ್ಲರೂ ಸೇರಿ ಹಾಡುವ ಪಲ್ಲವಿ. ಅರ್ಥ ಮಾತ್ರ ಬೇಕೆಂದೇ ಹೇಳಿರಲಿಲ್ಲ. ಮೊದಲು ಕಿವಿಗೆ ಏನನ್ನಿಸಿತು, ಅದನ್ನು ಬರೆಯಿರಿ ಅಂದಿದ್ದೆ. ಕುಂಬಳೆಯಿಂದ ಪೆರ್ಲದವರೆಗೆ ಪತ್ರ ಬಂದಿವೆ, ವಾಟ್ಸಾಪಿನಲ್ಲಿ ಇನ್ನೂ ಜಾಸ್ತಿ. ಎಲ್ಲವನ್ನೂ ಓದಿದ್ದೇನೆ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರ: ನಮ್ಮಮ್ಮನಿಗೆ 76 ವರ್ಷ. ಯಕ್ಷಗಾನದ ಪದ, ಭಜನೆ ಬಿಟ್ಟರೆ ಬೇರೆ ಕೇಳುವವರಲ್ಲ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು, ನಾನು ಮೊಬೈಲಿನಲ್ಲಿ ಈ ಹಾಡು ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಅವರ ಕಾಲಿನ ಹೆಬ್ಬೆರಳು ತಾಳ ಹಾಕತೊಡಗಿತು. “ಲಾಯ್ಕ ಉಂಟು, ಮದುವೆ ಹಾಡಾ?” ಅಂದರು. ಮಗಳು ಅರ್ಥ ಹೇಳಿದಳು. ಅಮ್ಮ ಕೈ ನಿಲ್ಲಿಸಿ, “ತಾಯಿಯ ಹೆಣ ಕೊಂಡುಹೋಗುವ ಹಾಡಿಗೆ ಇಷ್ಟು ಗೌಜಿಯಾ?” ಅಂತ ಕೇಳಿದರು. ನನಗೆ ಏನು ಹೇಳಬೇಕೆಂದು ಗೊತ್ತಾಗಲಿಲ್ಲ.
(ಓದುಗರು, ನೀರ್ಚಾಲು)

ಉ: ಬಂದ ಪತ್ರಗಳಲ್ಲೆಲ್ಲ ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಅಮ್ಮನವರ ಈ ಮಾತು.

ಹಾಡಿನ ಕಥೆ ಇಷ್ಟೇ. ಮೋಡ ಕವಿದ ಚಳಿಯ ದಿನ. ಹಾಡುವವರು ಕಿಟಕಿಯ ಬಳಿ ನಿಂತಿದ್ದಾರೆ. ಅಮ್ಮನನ್ನು ಒಯ್ಯಲು ಗಾಡಿ ಬರುತ್ತದೆ. ಸ್ವಲ್ಪ ಮೆಲ್ಲ ಹೋಗಪ್ಪಾ ಎಂದು ಗಾಡಿಯವನ ಹತ್ತಿರ ಬೇಡಿಕೊಳ್ಳುತ್ತಾರೆ. ಆಮೇಲೆ ಪಲ್ಲವಿ. ಒಟ್ಟಿಗೆ ಕೂತಿದ್ದ ಮನೆಮಂದಿಯ ಸುತ್ತು ಈಗ ಮುರಿದಿದೆ, ಅದು ಮೇಲಿನ ಲೋಕದಲ್ಲಿ ಮತ್ತೆ ಕೂಡೀತೇ ಎಂದು ಅದು ಕೇಳುತ್ತದೆ.

ಇದು ಮೂಲದಲ್ಲಿ ಚರ್ಚಿನ ಹಾಡು, 1907ರದ್ದು. ಮಾತು ಅಡಾ ಹಾಬರ್‌ಶನ್ ಅವರದು, ಧಾಟಿ ಚಾರ್ಲ್ಸ್ ಗೇಬ್ರಿಯಲ್ ಅವರದು. ತಾಯಿಯ ಶವಯಾತ್ರೆಯ ಚರಣಗಳು ಸೇರಿದ್ದು ಆಮೇಲೆ, ವರ್ಜೀನಿಯಾದ ಕಾರ್ಟರ್ ಫ್ಯಾಮಿಲಿ 1935ರಲ್ಲಿ ಹಾಡಿದಾಗ. ಅಂದರೆ ಪಲ್ಲವಿ ಪ್ರಾರ್ಥನೆ, ಚರಣ ದುಃಖ. ಚರಣವನ್ನು ಒಬ್ಬರೇ ಹಾಡುತ್ತಾರೆ. ಪಲ್ಲವಿಗೆ ಊರೇ ಸೇರುತ್ತದೆ. ಅಮ್ಮನನ್ನು ಕಳೆದುಕೊಂಡವರು ಒಂದು ಚರಣ ಹಾಡಿ ಮುಗಿಸುವಷ್ಟರಲ್ಲಿ ಅವರ ಗಂಟಲು ಕಟ್ಟುತ್ತದೆ ಅಲ್ವಾ, ಆಗ ಉಳಿದವರು ಹಾಡನ್ನು ಎತ್ತಿಕೊಳ್ಳುತ್ತಾರೆ. ನಿಧಾನದ ಅಳುವ ಧಾಟಿಯಾದರೆ ಹಾಗೆ ಎತ್ತಿಕೊಳ್ಳುವುದು ಕಷ್ಟ. ಎಲ್ಲರ ಬಾಯಿಗೂ ಬರುವ, ಕೈಗೂ ಕಾಲಿಗೂ ಸಿಗುವ ನಡೆ ಬೇಕು. ಆ ಗೌಜಿ ಇರುವುದು ಅದಕ್ಕೆ ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಅಮ್ಮನವರಿಗೆ ಇದು ಹೊಸತೂ ಅಲ್ಲ. ನೇಜಿ (ಭತ್ತದ ಸಸಿ) ನೆಡುವಾಗ ಹಾಡುತ್ತಿದ್ದದ್ದನ್ನು ಅವರಿಗೆ ನೆನಪು ಮಾಡಿ ನೋಡಿ. ನಾನು ಚಿಕ್ಕವನಿದ್ದಾಗ ನಮ್ಮ ಬೈಲಿನಲ್ಲಿ ಮಳೆಗಾಲ ಹಿಡಿದ ಕೂಡಲೇ ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದರು. ಒಬ್ಬರು ಪಾಡ್ದನದ (ತುಳುವಿನ ಕಥೆಹಾಡು) ಒಂದು ಸಾಲು ಹೇಳಿದರೆ ಉಳಿದವರೆಲ್ಲ ‘ಓ ಬೇಲೆ’ ಅಂತ ಎಳೆಯುತ್ತಿದ್ದರು, ಕೆಸರಿನಲ್ಲಿ ಕೈ ಅದೇ ಲೆಕ್ಕದಲ್ಲಿ ಓಡುತ್ತಿತ್ತು, ನಾನು ಕಟ್ಟಪುಣಿಯಲ್ಲಿ ಗೊರಬೆ ಹೊದ್ದು ಕೂತು ಕೇಳುತ್ತಿದ್ದೆ. ಎಷ್ಟು ಉಲ್ಲಾಸ ಅನ್ನಿಸುತ್ತಿತ್ತು! ದೊಡ್ಡವನಾದ ಮೇಲೆಯೇ ಗೊತ್ತಾದದ್ದು, ಆ ಹಾಡುಗಳಲ್ಲಿ ಎಷ್ಟೋ ಹೆಣ್ಣಿನ ಸಂಕಟದ ಕಥೆ ಅಂತ. ಗಂಡನ ಮನೆಯಲ್ಲಿ ಪಾಡ್ದನದ ನಾಯಕಿ ಸಿರಿ ಪಟ್ಟ ಪಾಡನ್ನು ಹಾಡುತ್ತಲೇ ಗದ್ದೆ ತುಂಬಾ ನೆಟ್ಟಿದ್ದಾರೆ ನಮ್ಮವರು. ಅಮ್ಮನವರ ಹೆಬ್ಬೆರಳಿಗೆ ಅದು ನೆನಪಿತ್ತು ಅಂತ ಕಾಣುತ್ತದೆ.

ಪ್ರ: ಹಾಡಿನ ಉದ್ದಕ್ಕೂ ಮಳೆ ಹನಿ ತಗಡಿಗೆ ಬಿದ್ದ ಹಾಗೆ ಒಂದು ವಾದ್ಯ. ಅದೇ ಬ್ಯಾಂಜೊವಾ? ಮುಂಬಯಿಯಲ್ಲಿದ್ದ ನಮ್ಮ ಮಾವನ ಹತ್ತಿರ ಒಂದು ಬ್ಯಾಂಜೊ ಇತ್ತು, ಟೈಪ್‌ರೈಟರಿನ ಹಾಗೆ ಗುಂಡಿ ಒತ್ತಿ ಬಾರಿಸುವುದು. ಇದು ಹಾಗೆ ಕೇಳುವುದಿಲ್ಲ.
(ಓದುಗರು, ಕುಂಬಳೆ)

ಉ: ಎರಡೂ ಬೇರೆ. ಮಾವನ ಹತ್ತಿರ ಇದ್ದದ್ದು ಬುಲ್‌ಬುಲ್ ತರಂಗ್. ಜಪಾನಿನ ತೈಶೋಗೊತೊ ಎಂಬ ವಾದ್ಯದಿಂದ ಬಂದದ್ದು. ನಮ್ಮ ದೇಶದಲ್ಲಿ ಅದಕ್ಕೇ ಬ್ಯಾಂಜೊ ಅಂತ ಹೆಸರು ಬಿದ್ದಿದೆ.

ಈ ಹಾಡಿನ ಬ್ಯಾಂಜೊ ಬೇರೆ ಜಾತಿ. ಅರ್ಧ ತಂತಿವಾದ್ಯ, ಅರ್ಧ ಚರ್ಮವಾದ್ಯ ಅನ್ನಿ. ಮದ್ದಳೆಯ ಮುಖಕ್ಕೆ ಚರ್ಮ ಬಿಗಿದ ಹಾಗೆ ಒಂದು ಬಳೆಗೆ ಚರ್ಮ ಬಿಗಿದು (ಈಗ ಹೆಚ್ಚಾಗಿ ಪ್ಲಾಸ್ಟಿಕ್ಕಿನದು) ಅದರ ಮೇಲೆ ತಂತಿ ಹಾಯಿಸುತ್ತಾರೆ. ತಂತಿ ಮೀಟಿದ ಕೂಡಲೇ ‘ಟಣ್’ ಅಂತ ಗಟ್ಟಿಯಾಗಿ ಹೊಡೆದು ಅಷ್ಟೇ ಬೇಗ ಆರಿ ಹೋಗುತ್ತದೆ. ಗಿಟಾರಿನ ಹಾಗೆ ಸ್ವರ ಎಳೆದು ನಿಲ್ಲುವುದಿಲ್ಲ. ಅದಕ್ಕೇ ನಿಮಗೆ ತಗಡಿನ ಮೇಲಿನ ಮಳೆ ಕೇಳಿಸಿದ್ದು.

ಐದು ತಂತಿ, ಅದರಲ್ಲಿ ಐದನೆಯದು ಗಿಡ್ಡ. ಅದನ್ನು ಹೆಬ್ಬೆರಳಿನಿಂದ ಮೀಟುತ್ತಾರೆ, ಹೆಚ್ಚಾಗಿ ಒಂದೇ ಸ್ವರ, ಮತ್ತೆ ಮತ್ತೆ. ಉಳಿದ ತಂತಿಗಳಲ್ಲಿ ಧಾಟಿ ಓಡುತ್ತಿರುವಾಗ ಇದು ಮೇಲಿನಿಂದ ಶ್ರುತಿ ಹಿಡಿದ ಹಾಗೆ ಇರುತ್ತದೆ. ಈ ರೆಕಾರ್ಡಿನಲ್ಲಿ ಬ್ಯಾಂಜೊ ಬಾರಿಸಿದವರಲ್ಲಿ ಅರ್ಲ್ ಸ್ಕ್ರಗ್ಸ್ ಒಬ್ಬರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರರಿಂದಲೇ ಅಷ್ಟು ಸ್ವರ ಉದುರಿಸುತ್ತಾರೆ. 1945ರ ಡಿಸೆಂಬರಿನಲ್ಲಿ ಅವರು ಬಿಲ್ ಮನ್ರೋ ಅವರ ತಂಡಕ್ಕೆ ಸೇರಿದ ಮೇಲೆಯೇ ‘ಬ್ಲೂಗ್ರಾಸ್’ ಅನ್ನುವ ವೇಗದ ಶೈಲಿಗೆ ಪೂರ್ತಿ ರೂಪ ಬಂದದ್ದು.

ಆದರೆ ವಾದ್ಯದ ಬೇರು ಅಮೆರಿಕದ್ದಲ್ಲ. ಇದನ್ನು ಎಲ್ಲರೂ ತಿಳಿದಿರಬೇಕು. ಗುಲಾಮರಾಗಿ ಹಿಡಿದೊಯ್ದ ಪಶ್ಚಿಮ ಆಫ್ರಿಕಾದವರು ಕಟ್ಟಿದ ವಾದ್ಯ ಇದು. ಮೊದಲಿನ ಬ್ಯಾಂಜೊಗಳು ಸೋರೆಬುರುಡೆಗೆ ಚರ್ಮ ಹೊದೆಸಿ ಮಾಡಿದವು. ಸೆನೆಗಲ್, ಗಾಂಬಿಯಾ ಕಡೆಯ ಜೋಲಾ ಜನರಲ್ಲಿ ಅಕೊಂಟಿಂಗ್ ಅಂತ ಈಗಲೂ ಒಂದು ವಾದ್ಯ ಉಂಟು, ಬುರುಡೆ, ಚರ್ಮ, ಗಿಡ್ಡ ತಂತಿ ಎಲ್ಲ ಅದರಲ್ಲೂ ಉಂಟು. 19ನೇ ಶತಮಾನದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಇದೇ ವಾದ್ಯ ಹಿಡಿದು ಕಪ್ಪು ಜನರನ್ನು ಅಣಕಿಸುವ ಪ್ರದರ್ಶನ ನಡೆಸಿದರು. ಎಂಥ ಅನ್ಯಾಯ ನೋಡಿ, ವಾದ್ಯ ಕಟ್ಟಿದವರ ಕೈಯಿಂದಲೇ ಅದು ದೂರವಾಯಿತು. ಈಗ ಅಮೆರಿಕದ ಕಪ್ಪು ಗಾಯಕಿ ರಿಯಾನನ್ ಗಿಡ್ಡೆನ್ಸ್ ಅವರಂಥವರು ಅದನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ಅವರ ಬ್ಯಾಂಜೊ ಸ್ಕ್ರಗ್ಸ್ ಅವರದರಷ್ಟು ವೇಗ ಅಲ್ಲ, ಸ್ವರ ತಗ್ಗು, ಮೆತ್ತಗೆ. ಕೇಳಲೇಬೇಕು.

ಪ್ರ: ಅಮೆರಿಕಾನಾ, ಕಂಟ್ರಿ, ಫೋಕ್ ಎಲ್ಲ ಒಂದೇ ಅಲ್ವಾ?
(ವಿದ್ಯಾರ್ಥಿನಿ, ಮಂಜೇಶ್ವರ)

ಉ: ಎಲ್ಲ ಅಮೆರಿಕದ ಹಾಡಿನ ಬಗೆಗಳೇ, ಒಂದೇ ಮನೆಯ ಮಕ್ಕಳು. ‘ಅಮೆರಿಕಾನಾ’ ಅನ್ನುವುದು ಸಂಗೀತಕ್ಕೆ ಹೆಸರಾಗಿ ನೆಲೆ ನಿಂತದ್ದು 1990ರ ದಶಕದಲ್ಲಿ. ಕಂಟ್ರಿ ಸಂಗೀತ ಪಾಪ್ ಕಡೆ ವಾಲಿದಾಗ ಹಳೆಯ ಫೋಕ್ (ಜನಪದ ಹಾಡು), ಬ್ಲೂಸ್ (ಕಪ್ಪು ಜನರಲ್ಲಿ ಹುಟ್ಟಿದ ಹಾಡಿನ ಬಗೆ), ಬ್ಲೂಗ್ರಾಸ್ ಹಿಡಿದು ಹಾಡುವವರಿಗೆ ಒಂದು ಚಾವಡಿ ಬೇಕಾಯಿತು. 1999ರಲ್ಲಿ ಅವರದೇ ಸಂಘ ಆಯಿತು, 2010ರಿಂದ ಗ್ರ್ಯಾಮಿಯಲ್ಲಿ ಅಮೆರಿಕಾನಾ ಆಲ್ಬಮ್ಮಿಗೆ ಬೇರೆಯೇ ಪ್ರಶಸ್ತಿ ಉಂಟು. ಹಾಡು ಕೇಳಿ ಇಷ್ಟಪಡಲು ಈ ಹೆಸರುಗಳು ಯಾವುದೂ ಬೇಡ.

ಪ್ರ: ಹಾಡು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಬೇಸರವೂ ಆಯಿತು. ಅಮೆರಿಕದ ಹಳ್ಳಿಯ ಹಾಡಿಗೆ ನಮ್ಮ ಕನ್ನಡ ಪತ್ರಿಕೆಯಲ್ಲಿ ಇಷ್ಟು ಜಾಗ. ನಮ್ಮ ಪಾಡ್ದನ, ನಮ್ಮ ಶೋಭಾನೆ ಹಾಡು ಹಾಡುವವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಕಾಸರಗೋಡಿನ ಕನ್ನಡಕ್ಕೇ ಜಾಗ ಇಲ್ಲದ ಹೊತ್ತಿನಲ್ಲಿ ಇದು ಬೇಕಿತ್ತಾ?
(ನಿವೃತ್ತ ಅಧ್ಯಾಪಕರು, ಪೈವಳಿಕೆ)

ಉ: ಮಾಷ್ಟ್ರೇ, ನಿಮ್ಮ ಬೇಸರ ನನ್ನದೂ ಹೌದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಗಡಿಯ ಈಚೆ ಉಳಿದವರು ನಾವು. ಯಾವುದಕ್ಕೆ ಜಾಗ ಸಿಗುತ್ತದೆ, ಯಾವುದಕ್ಕೆ ಇಲ್ಲ ಎಂಬುದು ನಮಗೆ ಸಣ್ಣ ಮಾತಲ್ಲ. ಆದರೂ ಈ ಹಾಡನ್ನೇ ಆರಿಸಿದ್ದಕ್ಕೆ ಒಂದು ಕಾರಣ ಉಂಟು.

ಬ್ರಿಸ್ಟಲ್ ಅಂತ ಒಂದು ಪೇಟೆ. ಅದರ ದೊಡ್ಡ ಬೀದಿಯ ನಡುವೆಯೇ ಗಡಿ ಹಾಯುತ್ತದೆ, ಒಂದು ಬದಿ ಟೆನೆಸ್ಸಿ, ಇನ್ನೊಂದು ಬದಿ ವರ್ಜೀನಿಯಾ. 1927ರ ಜುಲೈ ಕೊನೆಗೆ ವಿಕ್ಟರ್ ಕಂಪೆನಿಯ ರಾಲ್ಫ್ ಪೀರ್ ಅಲ್ಲಿಗೆ ರೆಕಾರ್ಡಿಂಗ್ ಯಂತ್ರ ತಂದರು. ಸುತ್ತಲಿನ ಗುಡ್ಡದ ಜನ ಹಾಡಲು ಬಂದರು. ಎರಡು ವಾರದ ಒಳಗೆ 76 ಹಾಡು ದಾಖಲಾದವು. ಕಾರ್ಟರ್ ಫ್ಯಾಮಿಲಿ ಮೊದಲು ಹಾಡಿದ್ದು ಅಲ್ಲೇ. ಎ. ಪಿ. ಕಾರ್ಟರ್, ಹೆಂಡತಿ ಸಾರಾ, ನಾದಿನಿ ಮೇಬೆಲ್. ಮೇಬೆಲ್‌ಗೆ ಆಗ 18 ವರ್ಷ, ತುಂಬು ಬಸುರಿ. ಈ ಹಾಡುಗಳಿಗೂ ಒಂದು ಬೆಲೆ ಉಂಟು ಅಂತ ಆವರೆಗೆ ಪೇಟೆಯ ದೊಡ್ಡವರು ಯಾರೂ ಅವರಿಗೆ ಹೇಳಿರಲಿಲ್ಲ. ಅದೇ ಮೇಬೆಲ್ 1971ರಲ್ಲಿ, 62ರ ವಯಸ್ಸಿನಲ್ಲಿ, ನ್ಯಾಶ್‌ವಿಲ್ಲಿನಲ್ಲಿ ನಿಟ್ಟಿ ಗ್ರಿಟ್ಟಿ ಡರ್ಟ್ ಬ್ಯಾಂಡಿನ, ಉದ್ದ ಕೂದಲಿನ ಕ್ಯಾಲಿಫೋರ್ನಿಯಾದ ಹುಡುಗರ ಜೊತೆ ಕೂತು ಹಾಡಿದ್ದು ನೀವು ಕೇಳಿದ ಈ ರೆಕಾರ್ಡು. ಮೊದಲ ಚರಣದ ಆ ಮಾಗಿದ ಹೆಣ್ಣು ದನಿ ಅವರದ್ದೇ.

ಬ್ರಿಸ್ಟಲಿನಲ್ಲಿ ಹಾಡಿದ ಆಮೇಲಿನ ವರ್ಷಗಳಲ್ಲಿ ಎ. ಪಿ. ಕಾರ್ಟರ್ ಊರೂರು ತಿರುಗಿ ಹಾಡು ಸಂಗ್ರಹಿಸಿದರು. ಜೊತೆಗೆ ಹೋಗುತ್ತಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಕಾರ್ಟರ್ ಮಾತು ಬರೆದುಕೊಂಡರೆ ಧಾಟಿ ನೆನಪಿಡುವುದು ರಿಡಲ್ ಅವರ ಕೆಲಸ. ಹಾಡುಗಳು ಕಾರ್ಟರ್ ಹೆಸರಿನಲ್ಲಿ ಹೊರಬಂದವು, ರಿಡಲ್ ಹೆಸರು ಎಷ್ಟೋ ಕಾಲ ಮರೆತೇ ಹೋಗಿತ್ತು. ಇದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ. ನಾವು ಸಂಗ್ರಹ ಮಾಡುವಾಗ ಈ ತಪ್ಪು ಮಾಡಬಾರದು.

ನಮ್ಮ ಕಡೆ ಏನೂ ಆಗಿಲ್ಲ ಅಂತಲ್ಲ. ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ವಿವೇಕ ರೈ ಮತ್ತು ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ದಾಖಲು ಮಾಡಿದರು. 1998ರಲ್ಲಿ ಅದು ಪುಸ್ತಕವಾಗಿ ಬಂತು, 15,683 ಸಾಲು. ಹಾಡಿದವರ ಹೆಸರು ಪುಸ್ತಕದ ಹೆಸರಿನಲ್ಲೇ ಉಂಟು, ಹಾಗೆ ಇರಬೇಕು. ನಿಮ್ಮ ಪೈವಳಿಕೆಯಲ್ಲಿ ಹಾಡುವವರು ಇನ್ನೂ ಇದ್ದರೆ ಈ ವಾರವೇ ಹೋಗಿ ಮಾಷ್ಟ್ರೇ. ಮೊಬೈಲು ಸಾಕು. ಫ್ಯಾನ್ ಆರಿಸಿ, ಮೊಬೈಲನ್ನು ಅವರ ಹತ್ತಿರ ಒಂದು ಬಟ್ಟೆಯ ಮೇಲೆ ಇಡಿ. ಹಾಡು ಶುರುವಾಗುವ ಮೊದಲು ಅವರ ಹೆಸರು, ಊರು, ಹಾಡು ಯಾರಿಂದ ಕಲಿತರು, ತಾರೀಕು, ಇಷ್ಟನ್ನೂ ಅವರ ಬಾಯಲ್ಲೇ ಹೇಳಿಸಿ. ನಡುವೆ ಮರೆತರೆ ನಿಲ್ಲಿಸಬೇಡಿ, ನೆನಪಾದಾಗ ಅವರೇ ಮುಂದುವರಿಸುತ್ತಾರೆ. ನಮಗೂ ಬರೆಯಿರಿ, ಮುಂದಿನ ಸಂಚಿಕೆಯ ಜಾಗ ಅದಕ್ಕೇ ಇಡುತ್ತೇನೆ.

ಪ್ರ: ನನಗೆ ಇಷ್ಟ ಆಗಲಿಲ್ಲ. ಹೇಳಿದ್ದನ್ನೇ ಹೇಳುತ್ತಾರೆ. ರಾಗ ವಿಸ್ತಾರ ಎಲ್ಲಿದೆ?
(ಸಂಗೀತ ಕಲಿಸುವವರು, ಕಾಸರಗೋಡು)

ಉ: ಇಷ್ಟ ಆಗದಿದ್ದರೆ ಪರವಾಗಿಲ್ಲ. ಸ್ವರಗಳೆಲ್ಲ ಶಂಕರಾಭರಣದ ಒಳಗೇ, ವಿಸ್ತಾರ ಅನ್ನುವುದು ಇಲ್ಲವೇ ಇಲ್ಲ. ಇದನ್ನು ಕಛೇರಿಯ ಪಕ್ಕ ಇಡಬೇಡಿ, ನಮ್ಮ ಭಜನಾ ಮಂದಿರದ ಪಕ್ಕ ಇಟ್ಟು ನೋಡಿ. ಶನಿವಾರ ಸಂಜೆ ಒಬ್ಬರು ಹೇಳಿಕೊಟ್ಟದ್ದನ್ನೇ ಎಲ್ಲರೂ ಹತ್ತು ಸಲ ಹೇಳುತ್ತಾರೆ. ಅಲ್ಲಿ ಬಾಗಿಲಿನ ಹತ್ತಿರ ನಿಂತ ಮಗುವೂ ನಾಲ್ಕನೇ ಸಲಕ್ಕೆ ಸೇರಿಕೊಳ್ಳುತ್ತದೆ.

ಪ್ರ: ಪುತ್ತೂರಿಗೆ ಹೋಗುವಾಗ ಬಸ್ಸಿನಲ್ಲಿ ಈ ಹಾಡು ಹಾಕಿದೆ. ಒಬ್ಬರು ಮಲಯಾಳದಲ್ಲಿ ಯಾವ ಸಿನಿಮಾ ಅಂತ ಕೇಳಿದರು, ಮೊಗ್ರಾಲಿನ ಒಬ್ಬ ಹಿರಿಯರು ಇನ್ನೊಮ್ಮೆ ಹಾಕು ಅಂದರು. ಮುಂದೆ ಯಾವುದು ಕೇಳಲಿ?
(ಬಸ್ ಚಾಲಕರು, ಬದಿಯಡ್ಕ)

ಉ: ಮೊಗ್ರಾಲಿನವರು ಕೇಳಿದ್ದರಲ್ಲಿ ಆಶ್ಚರ್ಯ ಇಲ್ಲ, ಮಾಪಿಳ್ಳೆ ಹಾಡಿನ ‘ಇಶಲ್ ಗ್ರಾಮ’ (ಇಶಲ್ ಅಂದರೆ ಧಾಟಿ) ಅಲ್ವಾ ಅದು, ಹಾಡಿನ ಕಿವಿ ಇರುವ ಊರು. ಈಗ ಇದೇ ಹಾಡಿನ 1935ರ ಕಾರ್ಟರ್ ಫ್ಯಾಮಿಲಿ ರೆಕಾರ್ಡು ಕೇಳಿ. ಬ್ಯಾಂಜೊ ಇಲ್ಲ. ಮೇಬೆಲ್ ಗಿಟಾರಿನ ದಪ್ಪ ತಂತಿಗಳಲ್ಲಿ ಧಾಟಿ ಹಿಡಿಯುತ್ತಾ ಸಣ್ಣ ತಂತಿಗಳಲ್ಲಿ ತಾಳ ಹಾಕುತ್ತಾರೆ, ಎರಡೂ ಒಂದೇ ಕೈಯಲ್ಲಿ. ಬಸ್ಸಿನ ಸದ್ದಿನಲ್ಲಿ ಅದು ಕೇಳಿಸದು, ರಾತ್ರಿ ಮನೆಗೆ ಬಂದ ಮೇಲೆ ಕೇಳಿ.

ಪ್ರ: ನಾನು ಮದ್ದಳೆ ಅಭ್ಯಾಸ ಮಾಡುತ್ತಿದ್ದೇನೆ. ಈ ಹಾಡಿಗೆ ನಮ್ಮ ಏಕತಾಳ ಹೊಂದುತ್ತದಾ? ನಾನು ಬಾರಿಸಿ ನೋಡಿದೆ, ಎಲ್ಲೋ ತಪ್ಪುತ್ತದೆ.
(ಓದುಗರು, ಪೆರ್ಲ)

ಉ: ಎಣಿಕೆ ನಾಲ್ಕೇ, ನೀವು ಹಿಡಿದ ತಾಳ ಸರಿ. ತಪ್ಪುವುದು ಪೆಟ್ಟು ಬೀಳುವ ಜಾಗದಲ್ಲಿ. ನಾವು ಮೊದಲ ಏಟಿಗೆ ಒತ್ತು ಕೊಡುತ್ತೇವೆ. ಈ ಶೈಲಿಯಲ್ಲಿ ಒಂದು, ಮೂರಕ್ಕೆ ದೊಡ್ಡ ಬಾಸ್ ‘ದುಂ’ ಅನ್ನುತ್ತದೆ, ಎರಡು, ನಾಲ್ಕಕ್ಕೆ ತಂತಿಯವರು ‘ಚಕ್’ ಅಂತ ಕತ್ತರಿಸುತ್ತಾರೆ. ಜನ ಚಪ್ಪಾಳೆ ಹಾಕುವುದೂ ಹೆಚ್ಚಾಗಿ ಆ ಎರಡು, ನಾಲ್ಕಕ್ಕೇ. ನೀವು ಎಡಗೈಯನ್ನು ಒಂದು, ಮೂರಕ್ಕೆ ಮೆತ್ತಗೆ ಇಟ್ಟು ಬಲಗೈಯ ಛಾಪನ್ನು ಎರಡು, ನಾಲ್ಕಕ್ಕೆ ಹಾಕಿ ನೋಡಿ. ಮೊದಲು ಅರ್ಧ ವೇಗದಲ್ಲಿ, ಮೊಬೈಲಿನಲ್ಲಿ ಹಾಡಿನ ವೇಗ ಇಳಿಸಲು ಆಗುತ್ತದೆ. ಜೊತೆಗೆ ಚೆಂಡೆ ಮಾತ್ರ ಬೇಡ, ಬ್ಯಾಂಜೊ ಮುಚ್ಚಿಹೋಗುತ್ತದೆ.